ಕೊರೋನಾ, ಬಿಪಿ ಮತ್ತು ನಿಲ್ಲಿಸಬಾರದಿದ್ದ ಮಾತ್ರೆ

ಎಲ್ಲರಿಗೂ ನಮಸ್ಕಾರ.

ಮೇ 17 ವಿಶ್ವ ರಕ್ತದೊತ್ತಡ ದಿನ, ಆದ್ದರಿಂದ ಬಿಪಿಯ ಬಗ್ಗೆ ಮಾತನಾಡಬೇಕು ಎಂದು ಸಂಘಟಕರು ಕೇಳಿಕೊಂಡರು. ಉಪ್ಪು ಕಡಿಮೆ ಮಾಡಿ, ದಿನಾ ನಡೆಯಿರಿ ಎಂಬುದನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ಅದನ್ನೇ ಮತ್ತೆ ಹೇಳಿ ನಿಮ್ಮ ಸಂಜೆ ಕೆಡಿಸುವುದಿಲ್ಲ. ಕೊರೋನಾ ಬಂದಾಗ ಬಿಪಿ ಇದ್ದವರಿಗೆ ನಿಜಕ್ಕೂ ಏನಾಯಿತು ಎಂಬುದಷ್ಟೇ ಇವತ್ತಿನ ವಿಷಯ. ಆ ದಿನಗಳಲ್ಲಿ ಎರಡು ಭಯಗಳು ಹುಟ್ಟಿದವು. ಬಿಪಿ ಇದ್ದವರಿಗೆ ಕೊರೋನಾ ಬಂದರೆ ಕಥೆ ಮುಗಿಯಿತು ಎಂಬುದು ಒಂದು. ಬಿಪಿ ಮಾತ್ರೆಯೇ ವೈರಸ್ಸನ್ನು ಒಳಗೆ ಕರೆದುಕೊಳ್ಳುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಅರ್ಧ ನಿಜ. ಎರಡನೆಯದು ಸುಳ್ಳು. ಆದರೆ ಜನರ ಕೈಯಲ್ಲಿ ಮಾತ್ರೆ ಬಿಡಿಸಿದ್ದು ಈ ಎರಡನೆಯದೇ.

2020ರಲ್ಲಿ ರಾಜ್ಯದ ಆರೋಗ್ಯ ಇಲಾಖೆ ಪ್ರತಿ ಸಂಜೆ ಹೊರಡಿಸುತ್ತಿದ್ದ ಪ್ರಕಟಣೆ ನಿಮಗೆ ನೆನಪಿರಬಹುದು. ಪಿ ಎಂಬ ಅಕ್ಷರ, ಪಕ್ಕದಲ್ಲಿ ಒಂದು ಸಂಖ್ಯೆ, ಜಿಲ್ಲೆ, ವಯಸ್ಸು. ಮೃತಪಟ್ಟವರ ವಿವರದಲ್ಲಿ ಜ್ವರ, ಕೆಮ್ಮು, ಉಸಿರಾಟದ ತೊಂದರೆಯ ಜೊತೆಗೆ ಮೊದಲೇ ಇದ್ದ ಕಾಯಿಲೆಗಳು: ಡಿಎಂ, ಎಚ್‌ಟಿಎನ್, ಐಎಚ್‌ಡಿ. ಅಂದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ. ಆ ಪಟ್ಟಿಯಲ್ಲಿ ಎಚ್‌ಟಿಎನ್ ಮತ್ತೆ ಮತ್ತೆ ಕಾಣುತ್ತಿತ್ತು. ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯ ಹಿರಿಯರೊಬ್ಬರದು. ಅವರಿಗೂ ಆಸ್ತಮಾ ಮತ್ತು ರಕ್ತದೊತ್ತಡ ಇದ್ದವು ಎಂದು ಕೇಂದ್ರ ಆರೋಗ್ಯ ಸಚಿವಾಲಯ ತಿಳಿಸಿತ್ತು. ಬಿಪಿ ಇದ್ದ ಮನೆಗಳಲ್ಲಿ ಇದನ್ನು ಓದಿದವರ ಎದೆ ಝಲ್ಲೆಂದಿದ್ದರೆ ಆಶ್ಚರ್ಯವಿಲ್ಲ.

ಚೀನಾದಿಂದ ಬಂದ ಅಂಕಿಗಳೂ ಹಾಗೆಯೇ ಇದ್ದವು. 2020ರ ಫೆಬ್ರವರಿಯಲ್ಲಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರವು ಖಚಿತಪಟ್ಟ 44,672 ಪ್ರಕರಣಗಳ ಲೆಕ್ಕ ಕೊಟ್ಟಿತು. ಒಟ್ಟಾರೆ ಸತ್ತವರು ಶೇ. 2.3, ಬಿಪಿ ಇದ್ದವರಲ್ಲಿ ಶೇ. 6. ಸಕ್ಕರೆ ಕಾಯಿಲೆಯವರಲ್ಲಿ ಶೇ. 7.3, ಹೃದ್ರೋಗಿಗಳಲ್ಲಿ ಶೇ. 10.5. ಬಿಪಿ ಇದ್ದರೆ ಸಾವಿನ ಅಪಾಯ ಎರಡೂವರೆ ಪಟ್ಟು ಎಂದು ಯಾರಾದರೂ ಹೇಳಿಬಿಡಬಹುದು. ಹೇಳಿದರು ಕೂಡ.

ಆದರೆ ಅದೇ ವರದಿಯ ಇನ್ನೊಂದು ಸಾಲನ್ನೂ ಓದಬೇಕು. 80 ದಾಟಿದವರಲ್ಲಿ ಸತ್ತವರು ಶೇ. 14.8. ಬಿಪಿ ಯಾರಿಗೆ ಹೆಚ್ಚು? ವಯಸ್ಸಾದವರಿಗೆ. ಕೊರೋನಾ ಯಾರನ್ನು ಹೆಚ್ಚು ಬಲಿ ತೆಗೆದುಕೊಂಡಿತು? ವಯಸ್ಸಾದವರನ್ನೇ. ಸತ್ತವರಲ್ಲಿ ತಲೆ ನರೆತವರು ಎಷ್ಟು ಎಂದು ಎಣಿಸಿದ್ದರೂ ಇಂಥದ್ದೇ ಭಯಂಕರ ಸಂಖ್ಯೆ ಸಿಗುತ್ತಿತ್ತು. ಹಾಗೆಂದು ಕೂದಲಿಗೆ ಬಣ್ಣ ಹಚ್ಚಿ ಯಾರೂ ಬದುಕಿಕೊಳ್ಳುವುದಿಲ್ಲ.

ಈ ಗಂಟನ್ನು ಬಿಡಿಸಿದ್ದು ಇಂಗ್ಲೆಂಡಿನ ಒಂದು ದೊಡ್ಡ ಅಧ್ಯಯನ. ಓಪನ್‌ಸೇಫ್ಲಿ ಎಂದು ಅದರ ಹೆಸರು, 2020ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. 1 ಕೋಟಿ 70 ಲಕ್ಷಕ್ಕೂ ಹೆಚ್ಚು ವಯಸ್ಕರ ವೈದ್ಯಕೀಯ ದಾಖಲೆಗಳು, ಸುಮಾರು 11 ಸಾವಿರ ಕೋವಿಡ್ ಸಾವುಗಳು. ವಯಸ್ಸು, ಬೊಜ್ಜು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೆ ಬಿಪಿಯ ಪಾಲಿಗೆ ಉಳಿದ ಹೆಚ್ಚುವರಿ ಅಪಾಯ ಏನೂ ಇರಲಿಲ್ಲ. ಇಲ್ಲಿಗೇ ನಿಲ್ಲಿಸಿದರೆ ನಿಮಗೆ ಸಂತೋಷವಾಗುತ್ತದೆ, ಆದರೆ ನಿಲ್ಲಿಸುವಂತಿಲ್ಲ. ಅದೇ ಅಧ್ಯಯನವನ್ನು ವಯಸ್ಸಿನ ಪ್ರಕಾರ ಬಿಡಿಸಿ ನೋಡಿದಾಗ ಬೇರೆ ಚಿತ್ರ ಕಂಡಿತು. ಎಪ್ಪತ್ತು ದಾಟಿದವರಲ್ಲಿ ಬಿಪಿ ಹೆಚ್ಚಿನ ವ್ಯತ್ಯಾಸ ಮಾಡಿರಲಿಲ್ಲ. 40ರೊಳಗಿನವರಲ್ಲಾದರೋ, ಬಿಪಿ ಇದ್ದವರ ಅಪಾಯ ಅದೇ ವಯಸ್ಸಿನ ಬಿಪಿ ಇಲ್ಲದವರಿಗಿಂತ ಸುಮಾರು ಮೂರು ಪಟ್ಟು ಇತ್ತು. ಆ ವಯಸ್ಸಿನಲ್ಲಿ ಸಾವೇ ಕಡಿಮೆ, ಕಡಿಮೆಯ ಮೂರು ಪಟ್ಟೂ ಕಡಿಮೆಯೇ, ನಿಜ. ಆದರೂ ಮೂವತ್ತೈದಕ್ಕೇ ಬಿಪಿ ಬಂದಿದೆಯೆಂದರೆ ಅದರ ಹಿಂದೆ ಬೊಜ್ಜೋ ಮೂತ್ರಪಿಂಡದ ದೋಷವೋ ಇದ್ದೀತು. ಸಾಫ್ಟ್‌ವೇರ್ ಕಂಪನಿಯ ತರುಣರು ನನ್ನ ಎದುರು ಕುಳಿತು ‘ಟೆನ್ಷನ್ನಿಗೆ ಸ್ವಲ್ಪ ಏರಿದೆ ಅಷ್ಟೇ ಡಾಕ್ಟ್ರೇ’ ಎಂದಾಗ ನಾನು ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆ ಬರೆಯುವುದು ಅದಕ್ಕೇ.

ಹಾಗಾದರೆ ಕೊರೋನಾ ಬಂದ ದೇಹದಲ್ಲಿ ಬಿಪಿ ಮಾಡುವ ಕೇಡು ಯಾವುದು? ಬೆಳಿಗ್ಗೆ ಯಂತ್ರದಲ್ಲಿ ಕಂಡ 150 ಅಲ್ಲ. ಹತ್ತು ಹದಿನೈದು ವರ್ಷ ಹತೋಟಿಯಿಲ್ಲದೆ ಬಿಟ್ಟ ಬಿಪಿ ಮಾಡಿಟ್ಟ ಹಾನಿ. ರಕ್ತನಾಳಗಳ ಒಳಗೋಡೆಯಲ್ಲಿ ಎಂಡೋಥೀಲಿಯಂ ಎಂಬ ಒಂದೇ ಕೋಶದಷ್ಟು ದಪ್ಪದ ಪೊರೆ ಇದೆ. ರಕ್ತ ಹೆಪ್ಪುಗಟ್ಟದಂತೆ, ನಾಳ ಸಡಿಲವಾಗಿರುವಂತೆ ನೋಡಿಕೊಳ್ಳುವುದು ಅದೇ. ಬಿಪಿ ವರ್ಷಗಟ್ಟಲೆ ಏರಿಯೇ ಇದ್ದರೆ ಇದು ಕೆಡುತ್ತದೆ. ಎಡ ಹೃತ್ಕುಕ್ಷಿಯ, ಅಂದರೆ ಮೈಗೆಲ್ಲ ರಕ್ತ ತಳ್ಳುವ ಹೃದಯದ ಕೋಣೆಯ, ಗೋಡೆ ದಪ್ಪವಾಗುತ್ತದೆ. ಮೂತ್ರಪಿಂಡ ಸದ್ದಿಲ್ಲದೆ ಸೊರಗುತ್ತದೆ. ಕೊರೋನಾ ಉಲ್ಬಣಿಸಿದಾಗ ಪೆಟ್ಟು ಬೀಳುವುದೂ ಇದೇ ಪೊರೆಗೆ. ಶ್ವಾಸಕೋಶದ ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಡಿ-ಡೈಮರ್ ಎಂಬ ಪರೀಕ್ಷೆಗೆ ನೀವೆಲ್ಲ ಸಾಲು ನಿಂತದ್ದು ಈ ಹೆಪ್ಪಿನ ಸುಳಿವಿಗಾಗಿ. ಆಮ್ಲಜನಕ ಇಳಿದು ಜ್ವರ ಏರಿದಾಗ ಹೃದಯ ಹೆಚ್ಚು ದುಡಿಯಬೇಕು, ಆದರೆ ದಪ್ಪಗಾದ ಹೃದಯಕ್ಕೆ ಆ ಶಕ್ತಿ ಇರುವುದಿಲ್ಲ. ಬಿಪಿಯನ್ನು ಹತೋಟಿಯಲ್ಲಿಟ್ಟುಕೊಂಡು, ಹೃದಯ, ಮೂತ್ರಪಿಂಡ ಚೆನ್ನಾಗಿದ್ದವರನ್ನೂ ಎಂದೂ ಮಾತ್ರೆ ಮುಟ್ಟದವರನ್ನೂ ಒಂದೇ ಎಚ್‌ಟಿಎನ್ ಅಡಿಯಲ್ಲಿ ಬರೆದದ್ದರಿಂದಲೇ ಮೊದಲ ಭಯ ಅಷ್ಟು ಬೆಳೆಯಿತು.

ಇನ್ನು ಮಾತ್ರೆಯ ಮಾತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ವೈರಸ್ಸು ನಮ್ಮ ಕೋಶದೊಳಗೆ ನುಗ್ಗಲು ಎಸಿಇ2 ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಈ ಪ್ರೋಟೀನು ವೈರಸ್ಸಿಗಾಗಿ ಹುಟ್ಟಿದ್ದಲ್ಲ. ರಕ್ತನಾಳ ಬಿಗಿಯುವ, ಉಪ್ಪು ಹಿಡಿದಿಡುವ ಆಂಜಿಯೊಟೆನ್ಸಿನ್-2 ಎಂಬ ವಸ್ತುವನ್ನು ಒಡೆದು ಸಾಧುವಾಗಿಸುವುದು ಅದರ ನಿಜವಾದ ಕೆಲಸ. ನೀವು ನುಂಗುವ ಟೆಲ್ಮಿಸಾರ್ಟನ್, ಲೋಸಾರ್ಟನ್, ರಾಮಿಪ್ರಿಲ್, ಎನಲಾಪ್ರಿಲ್ ಇವೆಲ್ಲ ಆಂಜಿಯೊಟೆನ್ಸಿನ್-2ರ ವಿರುದ್ಧವೇ ಕೆಲಸ ಮಾಡುವವು. ಇಂಥ ಔಷಧ ಕೊಟ್ಟ ಇಲಿಗಳಲ್ಲಿ ಎಸಿಇ2 ಹೆಚ್ಚಾದದ್ದನ್ನು ಹಿಂದೆಯೇ ಕಂಡಿದ್ದರು. 2020ರ ಮಾರ್ಚ್ 11ರಂದು ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರಲ್ಲಿ ಒಂದು ಪತ್ರ ಬಂತು: ಈ ಮಾತ್ರೆ ನುಂಗುವವರಿಗೆ ಕೊರೋನಾ ಹೆಚ್ಚು ತೀವ್ರವಾಗಬಹುದೇ? ಪ್ರಶ್ನೆ ತಪ್ಪಲ್ಲ. ಎರಡೇ ದಿನದಲ್ಲಿ ಯುರೋಪಿನ ಹೃದ್ರೋಗ ತಜ್ಞರ ಸಂಘ ‘ಸಾಕ್ಷ್ಯವಿಲ್ಲ, ಮಾತ್ರೆ ಬಿಡಬೇಡಿ’ ಎಂದಿತು. ಅಷ್ಟರಲ್ಲಿ ವಾಟ್ಸ್ಆ್ಯಪ್ ಆ ಪ್ರಶ್ನೆಯ ಕೊನೆಯ ಪ್ರಶ್ನಾರ್ಥಕ ಚಿಹ್ನೆಯನ್ನು ಕಿತ್ತು ಊರೂರಿಗೆ ಹಂಚಿಯಾಗಿತ್ತು.

ಮೇಲಾಗಿ ಮಾತ್ರೆ ಸುರಕ್ಷಿತ ಎಂದು ತೋರಿಸಿದ ಒಂದು ಪ್ರಬಂಧವೂ ಎಡವಿತು. ನ್ಯೂ ಇಂಗ್ಲೆಂಡ್ ಜರ್ನಲ್‌ನಲ್ಲಿ ಬಂದ ಆ ಪ್ರಬಂಧ ಸರ್ಜಿಸ್ಫಿಯರ್ ಎಂಬ ಕಂಪನಿಯ ದತ್ತಾಂಶ ನಂಬಿತ್ತು. ಮೂಲ ದತ್ತಾಂಶವನ್ನು ಯಾರೂ ಪರಿಶೀಲಿಸಲಾಗದೆ ಜೂನ್ 4ರಂದು ಅದನ್ನು ಹಿಂಪಡೆದರು. ಸುಳ್ಳು ಅಂಕಿಯ ಸಮಾಧಾನ ನಮಗೆ ಬೇಕಿರಲಿಲ್ಲ. ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ ಪರೀಕ್ಷಿಸುವುದೊಂದೇ ದಾರಿ ಉಳಿದಿತ್ತು.

ಅದನ್ನು ಮಾಡಿದ್ದು ಬ್ರೆಜಿಲ್. ಇಲ್ಲೊಂದು ಸ್ವಾರಸ್ಯವಿದೆ. ಪ್ರಿಲ್ ಎಂದು ಕೊನೆಯಾಗುವ ಈ ಔಷಧಗಳ ಮೂಲವೇ ಬ್ರೆಜಿಲಿನ ಜರರಾಕ ಎಂಬ ಮಂಡಲದ ಹಾವಿನ ವಿಷ. 1960ರ ದಶಕದಲ್ಲಿ ಅಲ್ಲಿನ ವಿಜ್ಞಾನಿ ಸೆರ್ಜಿಯೊ ಫೆರೇರಾ ಆ ವಿಷದಲ್ಲಿ ಕಂಡುಕೊಂಡ ಅಂಶದಿಂದ ಬೆಳೆದ ಸಂಶೋಧನೆ ಕ್ಯಾಪ್ಟೊಪ್ರಿಲ್‌ಗೆ ದಾರಿ ಮಾಡಿತು. ಅದೇ ದೇಶದಲ್ಲಿ, ಈ ಬಗೆಯ ಮಾತ್ರೆ ನುಂಗುತ್ತಿದ್ದು ಕೊರೋನಾದಿಂದ ಆಸ್ಪತ್ರೆ ಸೇರಿದ 659 ಮಂದಿಯಲ್ಲಿ ಅರ್ಧದಷ್ಟು ಜನರಿಗೆ 30 ದಿನ ಮಾತ್ರೆ ನಿಲ್ಲಿಸಿದರು, ಉಳಿದವರಿಗೆ ಮುಂದುವರಿಸಿದರು. ಆ 30 ದಿನಗಳಲ್ಲಿ ಜೀವಂತವಾಗಿ ಆಸ್ಪತ್ರೆಯ ಹೊರಗೆ ಕಳೆದ ದಿನಗಳು ನಿಲ್ಲಿಸಿದವರಿಗೆ ಸರಾಸರಿ 21.9, ಮುಂದುವರಿಸಿದವರಿಗೆ 22.9. ಗಣನೀಯ ವ್ಯತ್ಯಾಸವಿಲ್ಲ, ನಿಲ್ಲಿಸಿದ್ದರಿಂದ ಲಾಭವಂತೂ ಇಲ್ಲ. ಹಾಗೆಂದು ಈ ಮಾತ್ರೆ ಕೊರೋನಾಕ್ಕೆ ಔಷಧವೂ ಅಲ್ಲ. ತೀರಾ ವಿಷಮಿಸಿದ ರೋಗಿಗಳಿಗೆ ಹೊಸದಾಗಿ ಕೊಟ್ಟು ನೋಡಿದ ಮತ್ತೊಂದು ಪ್ರಯೋಗದಲ್ಲಿ ಅವರ ಸ್ಥಿತಿ ಸುಧಾರಿಸುವ ಬದಲು ಕೆಟ್ಟಿರುವ ಸಾಧ್ಯತೆಯೇ ಹೆಚ್ಚು ಕಂಡಿತು.

ಲಾಕ್‌ಡೌನ್‌ನಲ್ಲಿ ಇನ್ನೊಂದು ಫಜೀತಿಯನ್ನು ಕಂಡೆ. ರಾಮಿಪ್ರಿಲ್ ಬಗೆಯ ಮಾತ್ರೆಗಳಿಂದ ಕೆಲವರಿಗೆ ಒಣ ಕೆಮ್ಮು ಬರುತ್ತದೆ. ಗಂಟಲಲ್ಲಿ ಕೆರೆತ, ಕಫವಿಲ್ಲ, ರಾತ್ರಿ ಮಲಗಿದರೆ ಇನ್ನೂ ಹೆಚ್ಚು. ಆಗ ಹೀಗೆ ಕೆಮ್ಮಿದ ನಿವೃತ್ತ ಮೇಷ್ಟ್ರೊಬ್ಬರನ್ನು ಮನೆಯವರೇ ಹೊರಗಿನ ಕೋಣೆಗೆ ಹಾಕಿ, ತಟ್ಟೆಯನ್ನು ಹೊಸ್ತಿಲಲ್ಲಿ ಇಡುತ್ತಿದ್ದರು. ಪರೀಕ್ಷೆಯಲ್ಲಿ ಕೊರೋನಾ ಇರಲಿಲ್ಲ. ಟೆಲ್ಮಿಸಾರ್ಟನ್‌ಗೆ ಬದಲಾಯಿಸಿದ ಮೇಲೆ ಕೆಮ್ಮು ಹೋಯಿತು, ಮೇಷ್ಟ್ರು ನಡುಮನೆಗೆ ಬಂದರು. ಮನೆಯವರ ಮೇಲಿನ ಸಿಟ್ಟು ಇಳಿಯಲು ಹೆಚ್ಚು ಕಾಲ ಬೇಕಾಯಿತಂತೆ.

ಕೊರೋನಾ ಈಗಲೂ ಅಲ್ಲಲ್ಲಿ ಬಂದು ಹೋಗುತ್ತದೆ, ಆದ್ದರಿಂದ ಕೆಲಸಕ್ಕೆ ಬರುವ ಕೆಲವು ಮಾತು. ಜ್ವರ ಬಂದರೆ ಬಿಪಿ ಮಾತ್ರೆ ಮುಂದುವರಿಯಲಿ. ಆದರೆ ವಾಂತಿ, ಭೇದಿಯಾಗಿ ನೀರು ಕುಡಿಯಲೂ ಆಗದೆ, ಎದ್ದು ನಿಂತರೆ ತಲೆ ಸುತ್ತುತ್ತಿದ್ದರೆ ಬಿಪಿ ಇಳಿದಿರಬಹುದು. ಆಗ ಟೆಲ್ಮಿಸಾರ್ಟನ್, ಮೂತ್ರವರ್ಧಕ ಮಾತ್ರೆಗಳು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ವೈದ್ಯರಿಗೆ ಅಂದೇ ಫೋನ್ ಮಾಡಿ, ಕೆಲವು ದಿನ ತಡೆಹಿಡಿಯಬೇಕಾದೀತು. ನೆಗಡಿಗೆಂದು ಅಂಗಡಿಯಿಂದ ತರುವ ಹಲವು ಮಾತ್ರೆಗಳಲ್ಲಿ ಫಿನೈಲೆಫ್ರಿನ್ ಇರುತ್ತದೆ, ಅದು ಬಿಪಿ ಏರಿಸುತ್ತದೆ. ಮೈಕೈ ನೋವಿಗೆ ಡೈಕ್ಲೋಫಿನಾಕ್, ಐಬುಪ್ರೊಫೆನ್ ಕೂಡ ಅಷ್ಟೇ. ಪ್ಯಾರಾಸಿಟಮಾಲ್ ಸಾಕು, ಅದನ್ನೂ ಜ್ವರ ಬಿಟ್ಟ ಮೇಲೆ ಎಳೆಯಬೇಡಿ.

ಸ್ಟೀರಾಯ್ಡ್ ವಿಷಯದಲ್ಲಿ ನಾನು ಕಠಿಣ. ಡೆಕ್ಸಾಮೆಥಸೋನ್ ಜೀವ ಉಳಿಸಿದ ಔಷಧ, ಆದರೆ ಆಮ್ಲಜನಕ ಬೇಕಾದವರಿಗೆ ಮಾತ್ರ, ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ. ಎರಡನೇ ಅಲೆಯಲ್ಲಿ ಸಾದಾ ಜ್ವರಕ್ಕೂ ಅದನ್ನು ಮೊದಲ ದಿನದಿಂದಲೇ ನುಂಗಿಸಿದ ಚೀಟಿಗಳನ್ನು ನೋಡಿದ್ದೇನೆ. ಸಕ್ಕರೆ ಏರಿತು, ಬಿಪಿ ಏರಿತು, ಕಪ್ಪು ಶಿಲೀಂಧ್ರಕ್ಕೂ ಹಾದಿಯಾಯಿತು. ಅದನ್ನು ತೆಗೆದುಕೊಳ್ಳುವಾಗಲೂ ನಿಲ್ಲಿಸಿದ ಮೇಲೂ ಕೆಲವು ವಾರ ಬಿಪಿ ನೋಡಿಸಿಕೊಳ್ಳಬೇಕು. ಐದು ನಿಮಿಷ ಬೆನ್ನು ಒರಗಿಸಿ ಕುಳಿತು, ಪಾದ ನೆಲಕ್ಕೆ ಊರಿ, ತೋಳಿಗೆ ಕಟ್ಟಿದ ಪಟ್ಟಿಯನ್ನು ಎದೆಮಟ್ಟದಲ್ಲಿಟ್ಟು, ಮಾತನಾಡದೆ. ಗುಣವಾದ ಮೇಲೂ 140/90ರ ಮೇಲೆಯೇ ನಿಂತರೆ ಮಾತ್ರೆಯ ಪ್ರಮಾಣ ಮತ್ತೆ ಗೊತ್ತು ಮಾಡಬೇಕಾಗುತ್ತದೆ.

ಚೀಟಿ ತಂದವರು ಮುಂದಿನ ಸಾಲಿಗೆ ಬನ್ನಿ. ಆರಂಭದಲ್ಲಿ ಪ್ರಶ್ನೆ ಬರೆದು ಕಳಿಸಿದವರಿಗೆ ಮೊದಲು ಉತ್ತರಿಸುತ್ತೇನೆ.