ಇದ್ದಕ್ಕಿದ್ದಂತೆ ಕಣ್ಣು ಕಾಣದೆ, ಬುದ್ಧಿ ಮಂಕಾದಾಗ

ಚಿಕ್ಕಮಗಳೂರಿನ ಬಂಧುಗಳೇ,

ಚೆನ್ನಾಗಿದ್ದವರು ಇದ್ದಕ್ಕಿದ್ದಂತೆ ಕಣ್ಣು ಕಾಣುತ್ತಿಲ್ಲ ಎನ್ನುತ್ತಾರೆ, ಏನೇನೋ ಮಾತಾಡುತ್ತಾರೆ, ಮನೆಯವರ ಗುರುತು ಹಿಡಿಯುವುದಿಲ್ಲ. ಈ ಎರಡೂ ಒಟ್ಟಿಗೆ ಬಂದರೆ ತೊಂದರೆ ಹೆಚ್ಚಾಗಿ ಕಣ್ಣಿನದಲ್ಲ. ಮಿದುಳಿನದು, ಇಲ್ಲವೇ ರಕ್ತದ್ದು. ದಯವಿಟ್ಟು ‘ಮಲಗಿ ಎದ್ದರೆ ಸರಿಹೋಗ್ತದೆ’ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಗಾಡಿ ಬರುವಷ್ಟರಲ್ಲಿ ಶುಗರ್ ನೋಡಿ.

ಶುಗರ್ ಇಳಿದರೂ ಥೇಟ್ ಸ್ಟ್ರೋಕಿನ (ಮಿದುಳಿನ ರಕ್ತನಾಳ ಕಟ್ಟಿಕೊಳ್ಳುವುದು, ಇಲ್ಲವೇ ಒಡೆಯುವುದು) ಹಾಗೇ ಕಾಣುತ್ತದೆ. ಇನ್ಸುಲಿನ್ ಚುಚ್ಚಿಕೊಂಡು ತಿಂಡಿ ಬಿಟ್ಟು ತೋಟಕ್ಕೆ ಇಳಿದವರಿಗೆ ಹೀಗಾಗಬಹುದು. 70ಕ್ಕಿಂತ ಕಡಿಮೆಯಿದ್ದು, ಎಚ್ಚರವಾಗಿ ನುಂಗಬಲ್ಲವರಾದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಗ್ಲಿಮೆಪಿರೈಡ್‌ನಂಥ ಶುಗರ್ ಮಾತ್ರೆ ನುಂಗುವವರಿಗೆ ಕೆಲವು ಗಂಟೆಯ ಮೇಲೆ ಶುಗರ್ ಮತ್ತೆ ಇಳಿಯಬಹುದು. ಚೇತರಿಸಿಕೊಂಡರೂ ಆಸ್ಪತ್ರೆಗೆ ಕರೆದೊಯ್ಯಿರಿ.

ಶುಗರ್ ಸರಿಯಿದ್ದರೆ ಸ್ಟ್ರೋಕ್ ಎಂದೇ ತಿಳಿದು ಹೊರಡಬೇಕು. ನೋಟವನ್ನು ಗ್ರಹಿಸುವ ಜಾಗ ಮಿದುಳಿನ ಹಿಂಭಾಗದಲ್ಲಿದೆ. ಅಲ್ಲಿಯ ರಕ್ತನಾಳ ಕಟ್ಟಿಕೊಂಡಾಗ ಬಾಯಿ ಸೊಟ್ಟಗಾಗದೆ, ಕೈಕಾಲು ಸೋಲದೆ ಇರಬಹುದು. ‘ಲಕ್ವ ಹೊಡೆದಿಲ್ವಲ್ಲ’ ಎಂದು ಮನೆಯವರು ಮೋಸಹೋಗುವುದು ಇಲ್ಲೇ. ಒಂದೊಂದೇ ಕಣ್ಣು ಮುಚ್ಚಿಸಿ ಎದುರಿನವರ ಮುಖ ನೋಡಲು ಹೇಳಿ. ಯಾವ ಕಣ್ಣಿಂದ ನೋಡಿದರೂ ಬಲಗಡೆಯದೇ ಕಾಣದಿದ್ದರೆ ಪೆಟ್ಟು ಮಿದುಳಿನ ಎಡಭಾಗಕ್ಕೆ ಬಿದ್ದಿದೆ. ಇಂಥವರ ತಟ್ಟೆಯಲ್ಲಿ ಒಂದು ಪಕ್ಕದ ಅನ್ನ ಹಾಗೇ ಉಳಿದಿರುತ್ತದೆ, ನಡೆಯುವಾಗ ಅದೇ ಪಕ್ಕದ ಭುಜ ಬಾಗಿಲಿಗೆ ತಾಗುತ್ತದೆ. ಎರಡೂ ಪಕ್ಕ ಹಾಳಾದರೆ ಏನೂ ಕಾಣದಿದ್ದರೂ ಕೆಲವರು ‘ಕಾಣ್ತದೆ’ ಎಂದೇ ಸಾಧಿಸುತ್ತಾರೆ. ಅದು ಹಟವಲ್ಲ, ರೋಗದ ಲಕ್ಷಣ, ಬೈಯಬೇಡಿ.

ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ರಕ್ತಸ್ರಾವವಾಗಿದ್ದರೆ ಅದೇ ಮದ್ದು ಪ್ರಾಣಕ್ಕೆ ಅಪಾಯ, ಅದಕ್ಕೇ ಮೊದಲು ಸಿ.ಟಿ. ಸ್ಕ್ಯಾನ್. ಮನೆಯಲ್ಲಿ ಆಸ್ಪಿರಿನ್ ಕೊಡಬಾರದು ಎನ್ನುವುದೂ ಇದಕ್ಕೇ. ಶೃಂಗೇರಿ, ಕಳಸದ ಕಡೆಯವರಿಗೆ ತಿರುವಿನ ರಸ್ತೆಯಲ್ಲೇ ಬಹಳ ಹೊತ್ತು ಹೋಗುತ್ತದೆ. ರಾತ್ರಿಯೂ ಸ್ಕ್ಯಾನ್ ಮಾಡುವ ಆಸ್ಪತ್ರೆ ಯಾವುದೆಂದು ಇವತ್ತೇ ವಿಚಾರಿಸಿಟ್ಟುಕೊಳ್ಳಿ.

ಬಿ.ಪಿ. 180/120 ದಾಟಿ, ತಲೆನೋವು ವಾಂತಿಯೂ ಇದ್ದರೆ ಮಿದುಳು ಊದಿಕೊಂಡಿರಬಹುದು. ಬಸುರಿಗೆ ಅಥವಾ ಬಾಣಂತಿಗೆ 140/90 ಇದ್ದು ಕಣ್ಣು ಮಂಜಾದರೂ ಸಾಕು, ಫಿಟ್ಸ್ ಬರುವ ಮೊದಲೇ ಹೊರಡಬೇಕು.

ಕಳ್ಳಭಟ್ಟಿಯಲ್ಲಿ ಮೆಥನಾಲ್ ಎಂಬ ವಿಷದ ಮದ್ಯಸಾರ ಸೇರಿದ್ದರೆ ಕಣ್ಣು ಮಂಜಾಗುವುದು ಎಷ್ಟೋ ಸಲ 12ರಿಂದ 24 ಗಂಟೆ ಕಳೆದ ಮೇಲೆ. ಆ ಹೊತ್ತಿಗೆ ಕುಡಿದ ಮಾತೇ ಯಾರೂ ಎತ್ತುವುದಿಲ್ಲ. ನಾಚಿಕೆಪಡದೆ ಹೇಳಿ: ಡಯಾಲಿಸಿಸ್ ಬೇಗ ಸಿಕ್ಕರೆ ಕಣ್ಣೂ ಜೀವವೂ ಉಳಿಯಬಹುದು. ತೋಟಕ್ಕೆ ಕೀಟನಾಶಕ ಹೊಡೆದು ಬಂದವರಿಗೆ ಕಣ್ಣಿನ ಪಾಪೆ ಚಿಕ್ಕದಾಗಿ, ಜೊಲ್ಲು, ಬೆವರು ಸುರಿಯುತ್ತಿದ್ದರೆ ಕೈಗೆ ಗ್ಲೌಸ್ ಹಾಕಿಕೊಂಡು ಅವರ ಬಟ್ಟೆ ತೆಗೆಸಿ, ಸೋಪು ಹಚ್ಚಿ ಮೈ ತೊಳೆಸಿ, ಡಬ್ಬಿಯ ಲೇಬಲ್‌ನ ಫೋಟೋ ತೆಗೆದುಕೊಳ್ಳಿ.

ಡಾಕ್ಟರು ಮೊದಲು ಕೇಳುವುದು, ಇವರು ಸರಿಯಿದ್ದುದನ್ನು ಕೊನೆಯ ಸಲ ನೋಡಿದ್ದು ಎಷ್ಟು ಗಂಟೆಗೆ ಎಂದು. ನಿದ್ದೆಯಿಂದ ಏಳುವಾಗಲೇ ಹೀಗಿದ್ದರೆ ಮಲಗಿದ ಗಂಟೆ ಹೇಳಬೇಕು, ಎದ್ದದ್ದಲ್ಲ. ಅದನ್ನು ಬರೆದುಕೊಂಡು, ದಿನವೂ ನುಂಗುವ ಮಾತ್ರೆಗಳ ಜೊತೆ ತನ್ನಿ.