‘ಪರಸ್ಪರ ಅನುಕೂಲದಂತೆ’ ಎಂದು ಬರೆಯಬೇಡಿ

ಎಲ್ಲರಿಗೂ ನಮಸ್ಕಾರ. ವಿಚ್ಛೇದನ ಸರಿಯೋ ತಪ್ಪೋ ಎಂಬ ಚರ್ಚೆ ಇವತ್ತು ಬೇಡ. ನಾನು ಮಾತಾಡಬೇಕಾದ್ದು, ವಿಚ್ಛೇದನಕ್ಕೆ ಗಂಡ ಹೆಂಡತಿ ಒಪ್ಪಿ ಒಟ್ಟಿಗೆ ಹಾಕುವ ಜಂಟಿ ಅರ್ಜಿಯ ಒಂದೇ ಒಂದು ಸಾಲಿನ ಬಗ್ಗೆ: ‘ತಂದೆಯು ಮಗುವನ್ನು ಪರಸ್ಪರ ಅನುಕೂಲದಂತೆ ಭೇಟಿ ಮಾಡಬಹುದು.’

ಈ ಸಾಲು ಯಾಕೆ ಹುಟ್ಟುತ್ತದೆ, ನಿಮಗೆ ಗೊತ್ತು. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಆರು ತಿಂಗಳು ಕಾಯಬೇಕು. ಗಂಡ ಹೆಂಡತಿ ಬೇರೆಯಾಗಿ ಒಂದೂವರೆ ವರ್ಷ ಕಳೆದಿದ್ದರೆ, ಜೀವನಾಂಶ ಮತ್ತು ಮಗುವಿನ ಸುಪರ್ದಿ ನಿಜವಾಗಿ ಇತ್ಯರ್ಥವಾಗಿದ್ದರೆ ಆ ಆರು ತಿಂಗಳನ್ನು ಮನ್ನಾ ಮಾಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಳ್ಳೆಯ ತೀರ್ಪೇ. ಆದರೆ ಅವಸರದಲ್ಲಿರುವವರು ‘ಇತ್ಯರ್ಥವಾಗಿದೆ’ ಎಂದು ತೋರಿಸಲು ಈ ಒಂದು ಸಾಲು ಗೀಚಿ ಸಹಿ ಹಾಕುತ್ತಾರೆ. ನಾಲ್ಕು ತಿಂಗಳಾದ ಮೇಲೆ ಮಗುವಿಗೆ ಪರೀಕ್ಷೆ, ಅಜ್ಜಿಗೆ ಹುಷಾರಿಲ್ಲ, ಅಪ್ಪನಿಗೆ ಶಿಫ್ಟ್. ಆದೇಶ ಜಾರಿ ಮಾಡಿಸಿ ಎಂದು ಕೋರ್ಟಿಗೆ ಅಮಲ್ಜಾರಿ ಅರ್ಜಿ ಹಾಕಿದರೆ ಎದುರಿನವರು ‘ನನಗೆ ಅನುಕೂಲ ಇರಲಿಲ್ಲ’ ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಆದೇಶವನ್ನು ಮುರಿದರು ಎಂದು ಹೇಳಲು ಆದೇಶದಲ್ಲಿ ಏನಾದರೂ ಇರಬೇಕಲ್ಲ!

ಹೀಗೆ ಬರೆಯಿರಿ: ‘ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ 10ಕ್ಕೆ ತಾಯಿಯ ಅಪಾರ್ಟ್‌ಮೆಂಟಿನ ಗೇಟಿನಿಂದ ತಂದೆ ಮಗುವನ್ನು ಕರೆದೊಯ್ಯುವುದು, ಭಾನುವಾರ ಸಂಜೆ 6ಕ್ಕೆ ಅದೇ ಗೇಟಿಗೆ ತಂದು ಬಿಡುವುದು. ಮಗುವಿಗೆ ಜ್ವರ ಬಂದರೆ ಮುಂದಿನ ಶನಿವಾರ.’ ಬುಧವಾರ ರಾತ್ರಿ ಏಳೂವರೆಗೆ ವಿಡಿಯೊ ಕರೆ. ಕರೆ ಯಾರ ಫೋನಿಗೆ ಎನ್ನುವುದೂ ಇರಲಿ. ದಸರಾ ರಜೆ, ಬೇಸಿಗೆ ರಜೆಯಲ್ಲಿ ಯಾವ ಅರ್ಧ ಯಾರಿಗೆ? ಹಬ್ಬ ಒಂದು ವರ್ಷ ಇಲ್ಲಿ, ಮರುವರ್ಷ ಅಲ್ಲಿ. ಶಾಲೆಯ ಶುಲ್ಕ ನೇರ ಶಾಲೆಯ ಖಾತೆಗೆ, ಪ್ರತಿ ವರ್ಷ ಇಷ್ಟು ಶೇಕಡಾ ಏರಿಕೆ. ಊರು ಬದಲಿಸುವುದಾದರೆ ಎಷ್ಟು ದಿನ ಮೊದಲು ತಿಳಿಸಬೇಕು ಎಂಬುದೂ ಬರಲಿ. ಮಗು ಗೇಟಿನ ಬಳಿ ಬ್ಯಾಗ್ ಹಿಡಿದು ನಿಂತಿರುವಾಗ ದೊಡ್ಡವರು ವಾದಕ್ಕೆ ನಿಲ್ಲಬಾರದು, ಅದಕ್ಕೇ ಇಷ್ಟೆಲ್ಲ.

ಪೋಷಕತ್ವದ, ಅಂದರೆ ಮಗುವಿನ ಪರವಾಗಿ ನಿರ್ಧರಿಸುವ, ಸಹಿ ಹಾಕುವ ಹಕ್ಕಿನ ವಿಷಯಕ್ಕೆ ಬಂದರೆ, ಗೀತಾ ಹರಿಹರನ್ ಪ್ರಕರಣವನ್ನು ಹೇಳದೆ ಮುಂದೆ ಹೋಗಲಾರೆ. 1982ರಲ್ಲಿ ನಮ್ಮ ಬೆಂಗಳೂರಿನಲ್ಲೇ ಮದುವೆಯಾದ ದಂಪತಿ. ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್ ಕೊಳ್ಳಲು ಹೊರಟರು. ಹೂಡಿಕೆಯ ಮಟ್ಟಿಗೆ ತಾಯಿಯೇ ಪೋಷಕಿ ಎಂದು ಇಬ್ಬರೂ ಸೇರಿ ತಿಳಿಸಿದರು. ಗಮನಿಸಿ, ಅವರಿಬ್ಬರ ನಡುವೆ ಜಗಳವೇ ಇಲ್ಲ! ಆದರೂ ಬ್ಯಾಂಕಿನ ಉತ್ತರ ಏನು? ಒಂದೋ ತಂದೆಯ ಸಹಿ ತನ್ನಿ, ಇಲ್ಲವೇ ತಾಯಿಯ ಹೆಸರಿಗೆ ಪೋಷಕತ್ವದ ಪ್ರಮಾಣಪತ್ರ ತನ್ನಿ. ಯಾಕೆಂದರೆ 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆಯ 6ನೇ ಕಲಮಿನಲ್ಲಿ ‘ತಂದೆ, ಆತನ ತರುವಾಯ ತಾಯಿ’ ಎಂದಿದೆ. ‘ತರುವಾಯ’ ಎಂದರೆ ತಂದೆ ಸತ್ತ ಮೇಲೆ ಅಂತಲೇ? ಅಲ್ಲ, ‘ತಂದೆಯ ಗೈರಿನಲ್ಲಿ’ ಎಂದು 1999ರ ಫೆಬ್ರವರಿ 17ರಂದು ಸುಪ್ರೀಂ ಕೋರ್ಟ್ ಅರ್ಥೈಸಿತು. ತಂದೆ ಬದುಕಿದ್ದೂ ಮಗುವಿನ ಕಡೆ ತಿರುಗಿ ನೋಡದಿದ್ದರೆ, ಅಥವಾ ಪರಸ್ಪರ ಒಪ್ಪಂದದಿಂದ ತಾಯಿಯೇ ನೋಡಿಕೊಳ್ಳುತ್ತಿದ್ದರೆ, ಅದೂ ಗೈರೇ. ಇದು ದೊಡ್ಡ ಗೆಲುವು. ಆದರೆ ಕಾಯ್ದೆಯಲ್ಲಿ ‘ತರುವಾಯ’ ಹಾಗೇ ಉಳಿದಿದೆ. ಕೌಂಟರಿನಲ್ಲಿ ಕೂತವರು ತೀರ್ಪು ಓದಿರುತ್ತಾರೆಯೇ? ಆದ್ದರಿಂದ ಮತ್ತೆ ಅದೇ ಮಾತು, ಬರೆಯಿರಿ. ಬ್ಯಾಂಕು, ಶಾಲೆ, ಆಸ್ಪತ್ರೆ, ಪಾಸ್‌ಪೋರ್ಟಿಗೆ ಯಾರ ಸಹಿ ಸಾಕು ಎಂಬುದು ಆದೇಶದಲ್ಲೇ ಇರಲಿ.

ಮದುವೆಯಾಗದ ತಂದೆತಾಯಿಯರ ವಿಷಯ. ಹಿಂದೂ ಕಾನೂನಿನಲ್ಲಿ ಇಲ್ಲಿ ಸಾಲು ತಿರುಗುತ್ತದೆ: ಮೊದಲು ತಾಯಿ, ಆಮೇಲೆ ತಂದೆ. ತಾಯಿ ಪೋಷಕತ್ವದ ಅರ್ಜಿ ಹಾಕುವಾಗ ತಂದೆಯ ಹೆಸರು ಹೇಳಲೇಬೇಕೆಂದಿಲ್ಲ, ಇದು 2015ರ ತೀರ್ಪು. ಹಾಗೆಂದು ತಂದೆ ಹೊಣೆ ಕಳಚಿಕೊಳ್ಳುವಂತಿಲ್ಲ. ಜೀವನಾಂಶ ಕೊಡಿಸುತ್ತಿದ್ದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144. ಮದುವೆ ಆಗಿರಲಿ ಬಿಡಲಿ, ಮಗುವಿಗೆ ಜೀವನಾಂಶದ ಹಕ್ಕಿದೆ. ಆಸ್ತಿಯಲ್ಲಿ ಮಾತ್ರ ಎಚ್ಚರ. 2023ರ ರೇವಣಸಿದ್ದಪ್ಪ ತೀರ್ಪು, ಅದೂ ನಮ್ಮ ಕರ್ನಾಟಕದಿಂದಲೇ ಹೋದ ಮೊಕದ್ದಮೆ, ಪಾಲು ಕೊಟ್ಟದ್ದು ಅಮಾನ್ಯ ಮದುವೆಯ, ಅಂದರೆ ನಡೆದರೂ ಕಾನೂನಿನಲ್ಲಿ ನಿಲ್ಲದ ಮದುವೆಯ, ಮಕ್ಕಳಿಗೆ. ಮದುವೆಯೇ ಆಗದೆ ಜೊತೆಗಿರುವವರ ಮಗುವಿಗೆ ತಂದೆಯ ಆಸ್ತಿ ತಾನಾಗಿ ಬರುತ್ತದೆಂದು ನಂಬಿ ಕೂರಬೇಡಿ. ತಂದೆ ಉಯಿಲು ಬರೆದಿಡಲಿ, ನೋಂದಣಿ ಮಾಡಿಸಲಿ.

ಸಮಯ ಆಯಿತು ಎನ್ನುತ್ತಿದ್ದಾರೆ, ಉಳಿದದ್ದು ಚುಟುಕಾಗಿ. ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕ, ಇದು 2020ರ ರಜನೀಶ್–ನೇಹಾ ತೀರ್ಪು. ತಡ ಮಾಡಿದಷ್ಟು ತಿಂಗಳ ಹಣ ಹೋಯಿತು. ಆದಾಯ, ಆಸ್ತಿ, ಸಾಲದ ಅಫಿಡವಿಟ್ ಇಬ್ಬರೂ ಕೊಡಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್ ಈಗಲೇ ತೆಗೆದಿಡಿ. 144ರ ಆದೇಶದ ಬಾಕಿ ವಸೂಲಿಗೆ ವಾರಂಟ್ ಬೇಕಿದ್ದರೆ ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಬೀಳಬೇಕು. ‘ಮಗುವಿಗೆ ಏನೂ ಬೇಡ’ ಎಂದು ತಾಯಿ ಸಹಿ ಹಾಕಿದ್ದರೂ ಮಗುವಿನ ಹಕ್ಕು ಹೋಗುವುದಿಲ್ಲ. ಪೋಷಕತ್ವದ ಅರ್ಜಿ ಮಗು ಸಾಮಾನ್ಯವಾಗಿ ವಾಸಿಸುವ ಊರಿನ ಕೋರ್ಟಿಗೇ. ರಾತ್ರೋರಾತ್ರಿ ಮಗುವನ್ನು ಎತ್ತಿಕೊಂಡು ಹೋದ ಮಾತ್ರಕ್ಕೆ ಆ ಊರು ಬದಲಾಗದು. ಜಂಟಿ ಅರ್ಜಿಯ ಕರಡು ತಂದಿರುವವರು ಭೇಟಿಯ ಕಲಮಿರುವ ಪುಟ ತೆಗೆದಿಡಿ, ಪ್ರಶ್ನೋತ್ತರವನ್ನು ಅಲ್ಲಿಂದಲೇ ಶುರು ಮಾಡೋಣ.