ಎರಡು ಸರ್ಕಲ್, ಒಂದು ಗೆರೆ, ಪೂರ್ತಿ ಸಂಜೆ | ನನ್ನ ಆಟೋಕ್ಯಾಡ್ ಅಭ್ಯಾಸ

ಆಟೋಕ್ಯಾಡ್ ಅಂದ್ರೆ ಕಂಪ್ಯೂಟರ್‌ನಲ್ಲಿ ಅಳತೆಗೆ ಸರಿಯಾಗಿ ಚಿತ್ರ ಬರೆಯೋ ಸಾಫ್ಟ್‌ವೇರ್. ಸ್ಕ್ರೀನ್ ಮೇಲೆ ಕಾಣ್ತಿರೋದು ಒಂದು ಲಿಂಕ್ ಪ್ಲೇಟ್, ಎರಡು ಭಾಗಗಳನ್ನ ಜೋಡಿಸೋ ಪಟ್ಟಿ. ಎಡಗಡೆ ದೊಡ್ಡ ತಲೆ, ಬಲಗಡೆ ಸಣ್ಣ ತಲೆ, ಎರಡರಲ್ಲೂ ಒಂದೊಂದು ತೂತು, ಮೇಲೊಂದು ಕೆಳಗೊಂದು ಗೆರೆ. ಅಷ್ಟೇ. ಹತ್ತು ನಿಮಿಷದ ಕೆಲಸ ಅಂದ್ಕೊಂಡು ಕೂತೆ. ಎದ್ದಾಗ ಹೊರಗಡೆ ಕತ್ತಲಾಗಿತ್ತು.

ಅಭ್ಯಾಸದ ಹಾಳೆಯಲ್ಲಿರೋ ಅಳತೆ ಹೇಳ್ಬಿಡ್ತೀನಿ, ನೀವೂ ಜೊತೆಗೇ ಬರೀಬಹುದು. ದೊಡ್ಡ ತಲೆಯ ತ್ರಿಜ್ಯ 25 ಮಿಲಿಮೀಟರ್, ಅದರ ತೂತಿನ ವ್ಯಾಸ 30. ಸಣ್ಣ ತಲೆಯ ತ್ರಿಜ್ಯ 15, ತೂತಿನ ವ್ಯಾಸ 16. ಕೇಂದ್ರದಿಂದ ಕೇಂದ್ರಕ್ಕೆ 80. ಇದ್ದದ್ದು ಇದ್ದ ಹಾಗೆ ಪೂರ್ತಿ ಅಳತೆಯಲ್ಲೇ ಬರೀಬೇಕು. ಸ್ಕೇಲ್ ಚಿಂತೆ ಪ್ರಿಂಟ್ ತೆಗೆಯುವಾಗ.

ಸಿ ಒತ್ತಿ ಎಂಟರ್. ಕೇಂದ್ರ 0,0. ತ್ರಿಜ್ಯ 25. ಬಂತು ಸರ್ಕಲ್. ಮತ್ತೆ ಎಂಟರ್ ಒತ್ತಿದ್ರೆ ಅದೇ ಕಮಾಂಡ್ ವಾಪಸ್ ಬರುತ್ತೆ. ಅದೇ ಕೇಂದ್ರ, ಈಗ ತೂತಿಗೆ 30 ಅಂತ ಹೊಡೆದೆ. ನೋಡಿ ಏನಾಯ್ತು! ಪ್ಲೇಟ್‌ಗಿಂತ ತೂತೇ ದೊಡ್ಡದು. ಸರ್ಕಲ್ ಕಮಾಂಡ್ ಕೇಳೋದು ತ್ರಿಜ್ಯ, ನಾನು ಕೊಟ್ಟಿದ್ದು ವ್ಯಾಸ. ಮೊದಲು ಡಿ ಅಂತ ಹೊಡೆದು ಎಂಟರ್ ಒತ್ತಿ, ಆಮೇಲೆ 30 ಕೊಡಬೇಕಿತ್ತು. ಕಂಟ್ರೋಲ್ ಝಡ್. ಸಣ್ಣ ತಲೆಗೆ ಕೇಂದ್ರ 80,0. ಅಲ್ಲೇನೂ ಎಡವಟ್ಟು ಮಾಡ್ಲಿಲ್ಲ.

ಅಸಲಿ ಆಟ ಇರೋದು ಮೇಲಿನ ಗೆರೆಯಲ್ಲಿ. ನಾನು ಮಾಡಿದ್ದಿಷ್ಟು: ಸ್ನ್ಯಾಪ್ (ಕರ್ಸರ್ ಸರಿಯಾದ ಬಿಂದುವಿಗೆ ತಾನೇ ಅಂಟಿಕೊಳ್ಳೋ ಸೌಲಭ್ಯ) ಆನ್ ಇತ್ತು, ದೊಡ್ಡ ಸರ್ಕಲ್‌ನ ನೆತ್ತಿ ಮೇಲೆ ಕ್ವಾಡ್ರಂಟ್‌ನ ಹಸಿರು ಗುರುತು (ಸರ್ಕಲ್‌ನ ಮೇಲೆ, ಕೆಳಗೆ, ಎಡ, ಬಲದ ತುತ್ತತುದಿ ತೋರಿಸೋದು) ಕಾಣಿಸ್ತು, ಕ್ಲಿಕ್. ಸಣ್ಣ ಸರ್ಕಲ್‌ನ ನೆತ್ತಿ ಮೇಲೂ ಅದೇ ಗುರುತು, ಕ್ಲಿಕ್. ಗೆರೆ ಕೂತ್ಕೊಂಡ್ತು. ನೋಡೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಯಾವುದೋ ಅನುಮಾನಕ್ಕಲ್ಲ, ಬರೀ ಚಟಕ್ಕೆ, ಡಿಐ ಹೊಡೆದು ಗೆರೆಯ ಉದ್ದ ಅಳೆದೆ. 80.62.

ಹಾಳೆಯಲ್ಲಿ ಈ ಗೆರೆಗೆ ಅಳತೆಯೇ ಕೊಟ್ಟಿರಲ್ಲ. ಕೊಡೋ ಅಗತ್ಯವೂ ಇಲ್ಲ, ಯಾಕಂದ್ರೆ ಅದು ಎರಡೂ ಸರ್ಕಲ್‌ಗೆ ಸ್ಪರ್ಶಕ, ಅಂದ್ರೆ ಒಂದೊಂದನ್ನೂ ಒಂದೇ ಬಿಂದುವಿನಲ್ಲಿ ಮುಟ್ಟಿ ಹೋಗೋ ಗೆರೆ. ಶಾಲೆಯ ಪೈಥಾಗೊರಸ್ ಸಾಕು. ಕೇಂದ್ರಗಳ ದೂರ 80, ತ್ರಿಜ್ಯಗಳ ವ್ಯತ್ಯಾಸ 10. 6400ರಲ್ಲಿ 100 ಕಳೆದ್ರೆ 6300, ಅದರ ವರ್ಗಮೂಲ 79.37. ನನ್ನ ಗೆರೆ ಒಂದೂಕಾಲು ಮಿಲಿಮೀಟರ್ ಜಾಸ್ತಿ ಇದೆ!

ಝೂಮ್ ಮಾಡ್ತೀನಿ. ಇನ್ನೂ. ಕೆಲವೊಮ್ಮೆ ಹತ್ತಿರ ಹೋದಾಗ ಸರ್ಕಲ್ಲೇ ಮೂಲೆ ಮೂಲೆಯಾಗಿ ಕಾಣುತ್ತೆ, ಆಗ ಆರ್‌ಇ ಎಂಟರ್ ಒತ್ತಿದ್ರೆ ಮತ್ತೆ ದುಂಡಗಾಗುತ್ತೆ. ನಾನು ಮೊದಲು ತಪ್ಪೆಲ್ಲ ಹೀಗೆ ಮೂಲೆ ಕಾಣೋದರದ್ದೇ ಅಂದ್ಕೊಂಡಿದ್ದೆ. ಈಗ ನೋಡಿ, ನೆತ್ತಿಯಿಂದ ಹೊರಟ ಗೆರೆ ಸರ್ಕಲ್‌ನ ಹೊರಗಡೆ ಸವರಿಕೊಂಡು ಹೋಗ್ತಿಲ್ಲ, ಒಳಗೆ ನುಗ್ಗಿ ಆಚೆ ಬರ್ತಿದೆ. ಆಳ ಎಷ್ಟು ಗೊತ್ತಾ? 0.19 ಮಿಲಿಮೀಟರ್. ಪೂರ್ತಿ ಪ್ಲೇಟ್ ಸ್ಕ್ರೀನ್ ಮೇಲಿದ್ದಾಗ ಇದು ಯಾರ ಕಣ್ಣಿಗೆ ಬೀಳುತ್ತೆ?

ತಲೆ ಎರಡೂ ಒಂದೇ ಗಾತ್ರದ್ದಾಗಿದ್ರೆ ನೆತ್ತಿಯಿಂದ ನೆತ್ತಿಗೆ ಎಳೆದಿದ್ದೇ ಸರಿಯಾಗ್ತಿತ್ತು. ಇಲ್ಲಿ ಒಂದು ದೊಡ್ಡದು, ಒಂದು ಸಣ್ಣದು. ಹಾಗಾಗಿ ಗೆರೆ ಮುಟ್ಟಬೇಕಾದ ಜಾಗ ದೊಡ್ಡದರಲ್ಲಿ ನೆತ್ತಿಯಿಂದ 3 ಮಿಲಿಮೀಟರ್‌ಗಿಂತ ಚೂರು ಜಾಸ್ತಿ ಬಲಕ್ಕಿದೆ. ಅದನ್ನ ನಾವು ಹುಡುಕಬೇಕಿಲ್ಲ. ಗೆರೆಗೆ ಎಲ್ ಎಂಟರ್, ಸ್ಪರ್ಶಕಕ್ಕೆ (ಟ್ಯಾಂಜೆಂಟ್) ಟಿಎಎನ್ ಎಂಟರ್, ದೊಡ್ಡ ಸರ್ಕಲ್‌ನ ಮೇಲ್ಗಡೆ ಅಂದಾಜಿಗೆ ಒಂದು ಕ್ಲಿಕ್. ಕರ್ಸರ್ ಹಿಂದೆ ಗೆರೆ ಬರಲ್ಲ, ಗಾಬರಿ ಬೇಡ. ಇನ್ನೊಂದು ಸರ್ಕಲ್ ಯಾವುದು ಅಂತ ಗೊತ್ತಾಗೋ ತನಕ ಎಲ್ಲಿ ಮುಟ್ಟಬೇಕು ಅಂತ ಅದಕ್ಕೂ ಗೊತ್ತಿರಲ್ಲ. ಮತ್ತೆ ಟಿಎಎನ್, ಸಣ್ಣದರ ಮೇಲೆ ಕ್ಲಿಕ್. ಗೆರೆ ಕೂತ್ಕೊಂಡ್ತು.

ಇವಾನ್ ಸದರ್ಲ್ಯಾಂಡ್ 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಮಾಡಿದ ಸ್ಕೆಚ್‌ಪ್ಯಾಡ್ ಅನ್ನೋ ಕಂಪ್ಯೂಟರ್ ಡ್ರಾಯಿಂಗ್ ಪ್ರೋಗ್ರಾಮ್‌ನಲ್ಲೇ ಈ ಥರದ ಉಪಾಯ ಇತ್ತು. ಸ್ಕ್ರೀನ್ ಮೇಲೇ ಬರೆಯೋ ಲೈಟ್ ಪೆನ್‌ನಲ್ಲಿ ಒರಟಾಗಿ ಎಳೆದು, ಈ ಎರಡು ಗೆರೆ ಸಮಾನಾಂತರ ಆಗಲಿ ಅಂದ್ರೆ ಅದು ತಾನೇ ತಿದ್ದಿಕೊಳ್ತಿತ್ತು. ಅಂಥದ್ದೆಲ್ಲ ಕೈಯಲ್ಲಿದ್ದೂ ನಾನು ಕಣ್ಣಳತೆಗೆ ಜೋತುಬಿದ್ದಿದ್ದೆ.

ಕೆಳಗಿನ ಗೆರೆಗೆ ಎಂಐ, ಮಿರರ್, ಅಂದ್ರೆ ಮೇಲಿನ ಗೆರೆಯ ಕನ್ನಡಿ ಬಿಂಬ. ಆಮೇಲೆ ಟಿಆರ್, ಒಳಗಡೆ ಉಳಿದ ಕಮಾನುಗಳನ್ನ ಟ್ರಿಮ್ ಮಾಡೋದು. 2021ರ ಆವೃತ್ತಿಯಿಂದ ಈಚೆಗೆ ನೇರವಾಗಿ ಕ್ಲಿಕ್ ಮಾಡ್ತಾ ಹೋದ್ರೆ ಸಾಕು. ಅದಕ್ಕಿಂತ ಹಳೇದಾದ್ರೆ ಟಿಆರ್ ಆದ್ಮೇಲೆ ಎಂಟರ್ ಎರಡು ಸಲ.

ಡಿಐ. 79.37. ಆಹಾ!

ಈಗ ಎಲ್ಲಾ ಅಳಿಸಿ, ಹಾಳೆ ನೋಡದೆ ಇನ್ನೊಂದು ಸಲ. ಸಿ ಎಂಟರ್, 0,0, 25. ಎಂಟರ್, 0,0, 30... ಅಯ್ಯೋ, ಮತ್ತೆ ಡಿ ಮರೆತೆ.